ಓದುಗರ ಪ್ರಶ್ನೆ: ನೆಲದಡಿಯ ಪದರಗಳ ಬಗ್ಗೆ ಕಂಪನದ ಆವೃತ್ತಿ ಏನು ಹೇಳುತ್ತದೆ?

ಕಂಪನದ ಅಲೆಗಳನ್ನು ನೆಲದೊಳಗೆ ಕಳಿಸಿ ಶಿಲಾಪದರಗಳನ್ನೂ ತೈಲ, ಅನಿಲಗಳನ್ನೂ ಹುಡುಕುವ ವಿಧಾನದ ಬಗ್ಗೆ ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ಓದುಗರು ಬರೆದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಆವೃತ್ತಿ ಎಂದರೆ ಅಲೆ ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬ ಎಣಿಕೆ; ಅದನ್ನು ಹರ್ಟ್ಜ್‌ನಲ್ಲಿ ಹೇಳುತ್ತಾರೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ, ಒಂದೇ ವಿಷಯವನ್ನು ಕೇಳಿದವರ ಪ್ರಶ್ನೆಗಳನ್ನು ಒಟ್ಟುಗೂಡಿಸಲಾಗಿದೆ.

ಪ್ರಶ್ನೆ: ಪ್ರತಿಧ್ವನಿ ಮರಳಿ ಬರಲು ಹಿಡಿಯುವ ಸಮಯದಿಂದ ಪದರದ ಆಳ ತಿಳಿಯುತ್ತದೆ ಎಂದು ಪಠ್ಯದಲ್ಲಿ ಓದಿದ್ದೇನೆ. ಹಾಗಿದ್ದ ಮೇಲೆ ಆವೃತ್ತಿಯನ್ನು ಬೇರೆಯಾಗಿ ವಿಶ್ಲೇಷಿಸುವ ಅಗತ್ಯವೇನು?
– ಭೌತಶಾಸ್ತ್ರದ ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಪಠ್ಯದ ಮಾತು ಸರಿ. ಆದರೆ ಪದರಗಳು ಸಾಕಷ್ಟು ದಪ್ಪವಾಗಿದ್ದು, ಒಂದೊಂದರ ಪ್ರತಿಧ್ವನಿಯೂ ಬಿಡಿಬಿಡಿಯಾಗಿ ದಾಖಲಾಗುವಾಗ ಮಾತ್ರ ಅದು ಸಲ್ಲುತ್ತದೆ. ಪದರ ತೆಳುವಾದಾಗ ಸಮಯದ ಲೆಕ್ಕ ಕೈಕೊಡುತ್ತದೆ, ಆವೃತ್ತಿಯ ಲೆಕ್ಕ ಅಲ್ಲಿಂದ ಶುರುವಾಗುತ್ತದೆ.

ಪ್ರತಿಧ್ವನಿ ಏಕೆ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡೋಣ. ಶಿಲೆಯ ಸಾಂದ್ರತೆಯನ್ನು ಅದರೊಳಗೆ ಅಲೆ ಸಾಗುವ ವೇಗದಿಂದ ಗುಣಿಸಿದಾಗ ಬರುವ ಗುಣಲಬ್ಧವನ್ನು ಆ ಶಿಲೆಯ ಧ್ವನಿಪ್ರತಿರೋಧ ಎನ್ನುತ್ತಾರೆ. ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಈ ಗುಣಲಬ್ಧದಲ್ಲಿ ವ್ಯತ್ಯಾಸವಿದ್ದರೆ, ಅಲೆಯ ಒಂದು ಅಂಶ ಅವುಗಳ ಗಡಿಯಿಂದ ಹಿಂದಿರುಗುತ್ತದೆ, ಉಳಿದದ್ದು ಕೆಳಗಿಳಿಯುತ್ತದೆ. ನೀರಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್; ಮರಳುಗಲ್ಲಿನಲ್ಲಿ ಸಾಮಾನ್ಯವಾಗಿ 2000ದಿಂದ 4500, ಸುಣ್ಣಕಲ್ಲಿನಲ್ಲಿ 3500ರಿಂದ 6000, ಗಟ್ಟಿ ಗ್ರಾನೈಟ್ ಮತ್ತು ಬಸಾಲ್ಟ್‌ಗಳಲ್ಲಿ 5000ದಿಂದ 6000 ಮೀಟರ್. ಭೂಮಿಯ ಮೇಲೆ ಈ ಅಲೆಗಳನ್ನು ಸಣ್ಣ ರಂಧ್ರದಲ್ಲಿಟ್ಟ ಸ್ಫೋಟಕದಿಂದಲೋ ನೆಲಕ್ಕೆ ಭಾರವಾದ ಫಲಕವನ್ನು ಒತ್ತಿ ನಡುಗಿಸುವ ಲಾರಿಗಳಿಂದಲೋ ಹುಟ್ಟಿಸುತ್ತಾರೆ. ಸಮುದ್ರದಲ್ಲಿ ಒತ್ತಿಹಿಡಿದ ಗಾಳಿಯನ್ನು ಒಮ್ಮೆಲೇ ಬಿಡುವ ಏರ್‌ಗನ್ ಬಳಸುತ್ತಾರೆ. ಮರಳಿ ಬಂದ ಕಂಪನವನ್ನು ಸಾಲಾಗಿ ನೆಟ್ಟ ಜಿಯೋಫೋನ್‌ಗಳು ಹಿಡಿದುಕೊಳ್ಳುತ್ತವೆ. ತೈಲ ಅನ್ವೇಷಣೆಯ ಆಳಗಳಿಂದ ಹಿಂದಿರುಗುವ ಬಳಕೆಗೆ ಯೋಗ್ಯವಾದ ಅಲೆಗಳು ಹೆಚ್ಚಾಗಿ 10ರಿಂದ 80 ಹರ್ಟ್ಜ್‌ನೊಳಗೆ ಇರುತ್ತವೆ. ಮನುಷ್ಯನ ಕಿವಿ ಕೇಳಬಲ್ಲ ಸದ್ದು 20 ಹರ್ಟ್ಜ್‌ನಿಂದ ಆರಂಭವಾಗುವುದರಿಂದ, ಇವು ನಮ್ಮ ಶ್ರವಣದ ಕೆಳ ಅಂಚಿನ ಆಸುಪಾಸಿನ ಅಲೆಗಳು.

ಈಗ ಲೆಕ್ಕಕ್ಕೆ ಬರೋಣ. ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ, ಅಂದರೆ ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರ, ಸಿಗುತ್ತದೆ ಎಂಬುದು ನಿಮಗೆ ಗೊತ್ತಿದೆ. ಸೆಕೆಂಡಿಗೆ 3000 ಮೀಟರ್ ವೇಗದ ಮರಳುಗಲ್ಲಿನಲ್ಲಿ 30 ಹರ್ಟ್ಜ್ ಅಲೆಯ ತರಂಗದೂರ 100 ಮೀಟರ್. ಪದರದ ಮೇಲ್ಮೈಯಿಂದ ಬಂದ ಪ್ರತಿಫಲನವನ್ನೂ ತಳದಿಂದ ಬಂದ ಪ್ರತಿಫಲನವನ್ನೂ ಬೇರೆಯಾಗಿ ಗುರುತಿಸಬೇಕಾದರೆ ಪದರದ ದಪ್ಪ ತರಂಗದೂರದ ಕಾಲುಭಾಗಕ್ಕಿಂತ, ಅಂದರೆ ಇಲ್ಲಿ 25 ಮೀಟರಿಗಿಂತ, ಕಡಿಮೆಯಾಗಬಾರದು. ಅದಕ್ಕಿಂತ ತೆಳುವಾದರೆ ಎರಡೂ ಒಂದರೊಳಗೊಂದು ಬೆರೆತು ಒಂದೇ ಪ್ರತಿಫಲನದಂತೆ ಕಾಣುತ್ತವೆ. ತರಂಗದೂರದ ಎಂಟನೆಯ ಒಂದು ಭಾಗಕ್ಕಿಂತ ತೆಳುವಾದ ಪದರದಲ್ಲಿ ಅಲೆಯ ಆಕಾರವೂ ಬದಲಾಗದೆ, ಅದರ ಪಾರ (ಅಲೆಯ ಎತ್ತರ) ಮಾತ್ರ ಕುಗ್ಗುತ್ತ ಹೋಗುತ್ತದೆ ಎಂದು ವೈಡಸ್ ಎಂಬ ಭೂಭೌತವಿಜ್ಞಾನಿ 1973ರಲ್ಲಿ ತೋರಿಸಿದರು.

ಆದರೆ ಹೀಗೆ ಬೆರೆತುಹೋದ ಪ್ರತಿಫಲನದೊಳಗೆ ದಪ್ಪದ ಸುಳಿವು ಅಳಿದುಹೋಗಿರುವುದಿಲ್ಲ. ಜೇಡಿಶಿಲೆಯ ನಡುವೆ 15 ಮೀಟರ್ ದಪ್ಪದ ಮರಳುಗಲ್ಲಿನ ಪದರವಿದೆ ಎಂದುಕೊಳ್ಳಿ. ಮೇಲ್ಮೈ ಮತ್ತು ತಳದ ಪ್ರತಿಫಲನಗಳು ಒಂದಕ್ಕೊಂದು ವಿರುದ್ಧ ಚಿಹ್ನೆಯವಾಗಿರುತ್ತವೆ, ಅಂದರೆ ಒಂದು ಉಬ್ಬಿನಿಂದ ಆರಂಭವಾದರೆ ಇನ್ನೊಂದು ತಗ್ಗಿನಿಂದ ಆರಂಭವಾಗುತ್ತದೆ. ಹೋಗಿ ಬರುವ 30 ಮೀಟರ್ ದೂರಕ್ಕೆ ಅಲೆ ತೆಗೆದುಕೊಳ್ಳುವ ಹೆಚ್ಚುವರಿ ಸಮಯ ಒಂದು ಸೆಕೆಂಡಿನ ನೂರನೆಯ ಒಂದು ಭಾಗ. 50 ಹರ್ಟ್ಜ್ ಅಲೆಗೆ ಈ ಸಮಯ ಸರಿಯಾಗಿ ಅರ್ಧ ಆವರ್ತನೆಯಾಗುವುದರಿಂದ ಎರಡೂ ಪ್ರತಿಫಲನಗಳು ಕೂಡಿಕೊಂಡು ಬಲಗೊಳ್ಳುತ್ತವೆ. 100 ಹರ್ಟ್ಜ್ ಅಲೆಗೆ ಅದು ಪೂರ್ಣ ಆವರ್ತನೆಯಾಗುವುದರಿಂದ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಆದ್ದರಿಂದ ಮರಳಿ ಬಂದ ಅಲೆಯನ್ನು ಅದರ ಆವೃತ್ತಿಗಳಾಗಿ ಬಿಡಿಸಿದಾಗ 50ರಲ್ಲಿ ಉಬ್ಬು, 100ರಲ್ಲಿ ತಗ್ಗು ಕಾಣುತ್ತದೆ. ಪದರ 30 ಮೀಟರ್ ದಪ್ಪವಿದ್ದರೆ ಉಬ್ಬು 25ಕ್ಕೂ ತಗ್ಗು 50ಕ್ಕೂ ಇಳಿಯುತ್ತದೆ. ಉಬ್ಬು ಮತ್ತು ತಗ್ಗುಗಳ ಸ್ಥಾನವನ್ನು ಓದಬಲ್ಲವರು ದಪ್ಪವನ್ನೂ ಓದಬಲ್ಲರು.

ಇದನ್ನು ಒಂದು ಸ್ಥಳದಲ್ಲಿ ಮಾತ್ರವಲ್ಲದೆ ಸಮೀಕ್ಷೆಯ ಇಡೀ ವಿಸ್ತೀರ್ಣದಲ್ಲಿ ಮಾಡಿ, 20, 30, 40 ಹರ್ಟ್ಜ್ ಎಂದು ಒಂದೊಂದು ಆವೃತ್ತಿಗೂ ಒಂದೊಂದು ನಕ್ಷೆ ಬರೆಯುವ ಪದ್ಧತಿಯನ್ನು ಪಾರ್ಟಿಕಾ ಮತ್ತು ಸಂಗಡಿಗರು 1999ರಲ್ಲಿ ವಿವರವಾಗಿ ಪ್ರಕಟಿಸಿದ ಮೇಲೆ ಅದು ತೈಲ ಉದ್ಯಮದಲ್ಲಿ ರೂಢಿಗೆ ಬಂತು. ಕೋಟ್ಯಂತರ ವರ್ಷಗಳ ಹಿಂದೆ ಹರಿದು ಹೂತುಹೋದ ನದಿಯೊಂದರ ಪಾತ್ರದಲ್ಲಿ ಮರಳು ನಡುವೆ ದಪ್ಪವಾಗಿ, ದಡಗಳ ಕಡೆಗೆ ತೆಳುವಾಗಿ ಶೇಖರವಾಗಿರುತ್ತದೆ. ಕಡಿಮೆ ಆವೃತ್ತಿಯ ನಕ್ಷೆಯಲ್ಲಿ ಪಾತ್ರದ ನಡುಭಾಗ ಹೊಳೆದರೆ, ಹೆಚ್ಚಿನ ಆವೃತ್ತಿಯ ನಕ್ಷೆಯಲ್ಲಿ ಅಂಚುಗಳು ಹೊಳೆಯುತ್ತವೆ. ಮೂರು ಆವೃತ್ತಿಗಳಿಗೆ ಕೆಂಪು, ಹಸಿರು, ನೀಲಿ ಬಣ್ಣ ಕೊಟ್ಟು ಒಂದರ ಮೇಲೊಂದು ಹರಡಿದರೆ ಆ ನದಿಯ ತಿರುವುಗಳೂ ಕವಲುಗಳೂ ವಿಮಾನದಿಂದ ತೆಗೆದ ಚಿತ್ರದಷ್ಟೇ ಸ್ಪಷ್ಟವಾಗಿ ಮೂಡುವುದುಂಟು.

ಇಲ್ಲಿ ಒಂದು ತೊಡಕಿದೆ. ಅಲೆಯನ್ನು ಆವೃತ್ತಿಗಳಾಗಿ ಬಿಡಿಸುವ ಫೂರಿಯೆ ಎಂಬ ಗಣಿತ ವಿಧಾನದಲ್ಲಿ ದಾಖಲೆಯ ಚಿಕ್ಕ ತುಣುಕನ್ನು ತೆಗೆದುಕೊಂಡರೆ ಯಾವ ಆಳದ ಸಂಗತಿ ಎಂಬುದು ಖಚಿತವಾಗುತ್ತದೆ, ಆದರೆ ಆವೃತ್ತಿ ಮಸುಕಾಗುತ್ತದೆ; ಉದ್ದನೆಯ ತುಣುಕನ್ನು ತೆಗೆದುಕೊಂಡರೆ ಆವೃತ್ತಿ ಖಚಿತವಾಗುತ್ತದೆ, ಆದರೆ ಮೇಲಿನ ಕೆಳಗಿನ ಪದರಗಳೆಲ್ಲ ಅದರೊಳಗೆ ಸೇರಿಕೊಳ್ಳುತ್ತವೆ. ಫ್ರಾನ್ಸಿನ ತೈಲ ಕಂಪನಿಯೊಂದರಲ್ಲಿದ್ದ ಜಾನ್ ಮೋರ್ಲೆ ಎಂಬ ಭೂಭೌತವಿಜ್ಞಾನಿ 1980ರ ದಶಕದ ಆರಂಭದಲ್ಲಿ ಇದೇ ತೊಡಕನ್ನು ಬಿಡಿಸಲು ಹೊರಟು, ಆವೃತ್ತಿಗೆ ತಕ್ಕಂತೆ ತಾನೇ ಹಿಗ್ಗುವ, ಕುಗ್ಗುವ ಕಿರುತರಂಗಗಳ (ವೇವ್‌ಲೆಟ್) ಉಪಾಯವನ್ನು ಕಂಡುಕೊಂಡರು. ಅಲೆಕ್ಸ್ ಗ್ರಾಸ್‌ಮನ್ ಅವರೊಂದಿಗೆ ಸೇರಿ ಅವರು ಅದಕ್ಕೆ ಗಣಿತದ ತಳಹದಿ ಹಾಕಿದರು. ಇಂದು ಛಾಯಾಚಿತ್ರಗಳನ್ನು ಸಂಕುಚಿಸುವುದರಿಂದ ಹಿಡಿದು ಹೃದಯದ ಇಸಿಜಿ ವಿಶ್ಲೇಷಣೆಯವರೆಗೆ ಬಳಕೆಯಾಗುತ್ತಿರುವ ವೇವ್‌ಲೆಟ್ ಗಣಿತದ ಬೇರು ತೈಲ ಹುಡುಕಾಟದಲ್ಲಿದೆ ಎಂಬುದು ಗಣಿತದ ತರಗತಿಗಳಲ್ಲಿ ಅಷ್ಟಾಗಿ ಹೇಳದ ಸಂಗತಿ. ಆದರೂ ಆ ತೊಡಕು ಪೂರ್ತಿ ನೀಗಿದೆ ಎಂದು ತಿಳಿಯಬಾರದು. ಸಮಯ ಮತ್ತು ಆವೃತ್ತಿ ಎರಡನ್ನೂ ಏಕಕಾಲಕ್ಕೆ ಎಷ್ಟು ಬೇಕೋ ಅಷ್ಟು ನಿಖರವಾಗಿ ಪಡೆಯಲು ಯಾವ ಗಣಿತವೂ ಬಿಡುವುದಿಲ್ಲ.

ಆವೃತ್ತಿ ವಿಶ್ಲೇಷಣೆಯ ಅತ್ಯಂತ ಗಟ್ಟಿಯಾದ ಭಾಗ ಈ ದಪ್ಪದ ಲೆಕ್ಕವೇ ಎಂಬುದು ನನ್ನ ಅಭಿಪ್ರಾಯ. ತೈಲದ ಮಾತು ಇಷ್ಟು ಗಟ್ಟಿಯಲ್ಲ. ಅದನ್ನು ಮುಂದೆ ಹುಬ್ಬಳ್ಳಿಯ ಓದುಗರ ಪ್ರಶ್ನೆಯಲ್ಲಿ ನೋಡೋಣ.

ಪ್ರಶ್ನೆ: ಆವೃತ್ತಿ ಹೆಚ್ಚಿದಷ್ಟೂ ತೆಳುವಾದ ಪದರ ಕಾಣುವುದಾದರೆ 500 ಅಥವಾ 1000 ಹರ್ಟ್ಜ್ ಅಲೆಯನ್ನೇ ಕಳಿಸಬಹುದಲ್ಲವೇ?
– ನಿವೃತ್ತ ಶಿಕ್ಷಕರು, ನರಗುಂದ

ಉತ್ತರ: ಕಳಿಸಬಹುದು, ಆದರೆ ಅದು ಮರಳಿ ಬರುವುದಿಲ್ಲ. ಪಕ್ಕದ ಊರಿನ ಜಾತ್ರೆಯ ಡೊಳ್ಳಿನ ಸದ್ದು ನಮ್ಮ ಊರಿಗೆ ಕೇಳಿಸುತ್ತದೆ, ಅದರ ಜೊತೆಗಿನ ತಾಳದ ಸದ್ದು ಕೇಳಿಸುವುದಿಲ್ಲ, ನೆಲದೊಳಗೂ ಹಾಗೆಯೇ. ಅಲೆ ತನ್ನ ಒಂದೊಂದು ಆವರ್ತನೆಯಲ್ಲೂ ಶಕ್ತಿಯ ಒಂದು ಪಾಲನ್ನು ಶಿಲೆಯೊಳಗೆ ಶಾಖವಾಗಿ ಕಳೆದುಕೊಳ್ಳುತ್ತದೆ. ಹೆಚ್ಚು ಆವೃತ್ತಿಯ ಅಲೆ ಅದೇ ದೂರದಲ್ಲಿ ಹೆಚ್ಚು ಬಾರಿ ಆವರ್ತಿಸುವುದರಿಂದ ಹೆಚ್ಚು ಕಳೆದುಕೊಳ್ಳುತ್ತದೆ.

ಈ ನಷ್ಟವನ್ನು ಅಳೆಯಲು ಕ್ಯೂ ಎಂಬ ಅಂಕವನ್ನು ಬಳಸುತ್ತಾರೆ. ಅಂಕ ದೊಡ್ಡದಾದಷ್ಟೂ ನಷ್ಟ ಕಡಿಮೆ. ಕ್ಯೂ 100 ಇರುವ ಶಿಲೆಯಲ್ಲಿ ಪ್ರತಿ ಆವರ್ತನೆಗೆ ಅಲೆಯ ಪಾರ ಸುಮಾರು ಶೇಕಡಾ 3ರಷ್ಟು ಇಳಿಯುತ್ತದೆ. ಅಂಥ ಶಿಲೆಯಲ್ಲಿ ಒಂದು ಸೆಕೆಂಡು ಸಾಗಿದ 20 ಹರ್ಟ್ಜ್ ಅಲೆಯ ಪಾರದಲ್ಲಿ ಶೇಕಡಾ 53ರಷ್ಟು ಉಳಿದರೆ, 80 ಹರ್ಟ್ಜ್ ಅಲೆಯಲ್ಲಿ ಉಳಿಯುವುದು ಶೇಕಡಾ 8 ಮಾತ್ರ. 500 ಹರ್ಟ್ಜ್ ಅಲೆಯದ್ದು ಹಿನ್ನೆಲೆಯ ಗದ್ದಲದಲ್ಲಿ ಹುಡುಕಿದರೂ ಸಿಗದಷ್ಟು ಕ್ಷೀಣವಾಗಿರುತ್ತದೆ. ಆದ್ದರಿಂದಲೇ ಆಳ ಹೆಚ್ಚಿದಂತೆ ಚಿತ್ರ ಮಸುಕಾಗುತ್ತದೆ. ಕೊರೆದ ಬಾವಿಯೊಳಗೆ ಇಳಿಸುವ ಧ್ವನಿ ಉಪಕರಣಗಳು ಹತ್ತು ಸಾವಿರ ಹರ್ಟ್ಜ್‌ಗೂ ಹೆಚ್ಚಿನ ಅಲೆಗಳನ್ನು ಬಳಸುತ್ತವೆ ನಿಜ, ಆದರೆ ಅಲ್ಲಿ ಅಲೆ ಸಾಗಬೇಕಾದ ದೂರ ಕೆಲವೇ ಅಡಿಗಳು.

ದಖನ್ನಿನ ಬಸಾಲ್ಟ್ ಪ್ರದೇಶದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಒಂದರ ಮೇಲೊಂದು ಹಾಸಾಗಿ ಕುಳಿತಿರುವುದರಿಂದ, ಪ್ರತಿ ಹಾಸಿನ ಗಡಿಯೂ ಅಲೆಯನ್ನು ಚದರಿಸುತ್ತದೆ. ಗುಜರಾತಿನ ಸೌರಾಷ್ಟ್ರ ಮತ್ತು ಕಛ್‌ನಲ್ಲಿ ಲಾವಾದ ಅಡಿ ಇರುವ ಹಳೆಯ ಜಲಜ ಶಿಲೆಗಳನ್ನು (ಕೆಸರು, ಮರಳು ಪದರವಾಗಿ ಕುಳಿತು ಗಟ್ಟಿಯಾದ ಶಿಲೆಗಳನ್ನು) ನೋಡಬಯಸುವವರು ಹೆಚ್ಚಿನ ಆವೃತ್ತಿಯ ಆಸೆಯನ್ನು ಬಿಟ್ಟು, 10 ಹರ್ಟ್ಜ್‌ಗಿಂತಲೂ ಕೆಳಗಿನ ಅಲೆಗಳನ್ನು ಬಲವಾಗಿ ಕಳಿಸುವುದಕ್ಕೆ ಗಮನ ಕೊಡುತ್ತಾರೆ.

ಪ್ರಶ್ನೆ: ನೆಲದ ಕಂಪನದ ಆವೃತ್ತಿಯನ್ನು ಅಳೆದು, ಬಾವಿ ಕೊರೆಯದೆಯೇ ತೈಲ ಮತ್ತು ಅನಿಲ ಇರುವ ಜಾಗವನ್ನು ಖಚಿತವಾಗಿ ಹೇಳುವ ತಂತ್ರವಿದೆ ಎಂದು ಪರಿಚಯದವರೊಬ್ಬರು ಹೇಳಿ ಹಣ ಹೂಡಲು ಕೇಳುತ್ತಿದ್ದಾರೆ. ಇದನ್ನು ನಂಬಬಹುದೇ?
– ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ‘ಖಚಿತವಾಗಿ’ ಎಂಬ ಮಾತು ಇರುವವರೆಗೆ ನಂಬಬೇಡಿ. ಭಾರತದಲ್ಲಿ ತೈಲ, ಅನಿಲಗಳ ಅನ್ವೇಷಣೆಗೆ ಸರ್ಕಾರದ ಪರವಾನಗಿ ಬೇಕೆಂಬುದನ್ನೂ ನೆನಪಿನಲ್ಲಿಡಿ. ಹಣದ ಮಾತಿಗೆ ಮುಂಚೆ ಆ ಪರವಾನಗಿಯ ಕಾಗದವನ್ನು ಕೇಳಿ.

ಆದರೆ ನಿಮ್ಮ ಪರಿಚಯದವರ ಮಾತಿನ ಹಿಂದೆ ವಿಜ್ಞಾನ ಇಲ್ಲವೇ ಇಲ್ಲ ಎಂದೂ ಹೇಳಲಾಗದು. ಮರಳುಗಲ್ಲಿನ ರಂಧ್ರಗಳಲ್ಲಿ ನೀರಿನ ಬದಲು ಅನಿಲ ತುಂಬಿದ್ದರೆ ಶಿಲೆ ಸುಲಭವಾಗಿ ಅದುಮಿಕೊಳ್ಳುವಂತಾಗಿ ಅದರೊಳಗೆ ಅಲೆಯ ವೇಗ ಇಳಿಯುತ್ತದೆ, ಸುತ್ತಲಿನ ಜೇಡಿಶಿಲೆಯೊಂದಿಗಿನ ವ್ಯತ್ಯಾಸ ಹೆಚ್ಚುತ್ತದೆ, ಪ್ರತಿಫಲನ ಬಲಗೊಂಡು ಚಿತ್ರದಲ್ಲಿ ಎದ್ದು ಕಾಣುತ್ತದೆ. ಇಂಥ ಹೊಳೆಯುವ ತಾಣಗಳನ್ನು ಅಮೆರಿಕದ ಮೆಕ್ಸಿಕೋ ಕೊಲ್ಲಿಯಲ್ಲಿ 1970ರ ದಶಕದಿಂದ ಅನಿಲದ ಸೂಚನೆಯಾಗಿ ಬಳಸುತ್ತ ಬಂದಿದ್ದಾರೆ. ಅನಿಲವಿರುವ ಪದರದ ಕೆಳಗಿನ ಪ್ರತಿಫಲನಗಳಲ್ಲಿ ಹೆಚ್ಚಿನ ಆವೃತ್ತಿಗಳು ಕಾಣೆಯಾಗಿ ಕಡಿಮೆ ಆವೃತ್ತಿಗಳು ಮಾತ್ರ ಉಳಿಯುವುದನ್ನು ಟಾನರ್ ಮತ್ತು ಸಂಗಡಿಗರು 1979ರಲ್ಲಿ ದಾಖಲಿಸಿದರು. ಇದನ್ನು ಕಡಿಮೆ ಆವೃತ್ತಿಯ ನೆರಳು ಎನ್ನುತ್ತಾರೆ. ಒಂದೊಂದು ಆವೃತ್ತಿಯ ನಕ್ಷೆಯನ್ನು ಬೇರೆ ಬೇರೆಯಾಗಿ ನೋಡುವ ವಿಧಾನ ಬಂದ ಮೇಲೆ, 10 ಅಥವಾ 15 ಹರ್ಟ್ಜ್ ನಕ್ಷೆಯಲ್ಲಿ ಅನಿಲದ ಕೆಳಗೆ ಮೂಡಿ 30 ಹರ್ಟ್ಜ್ ನಕ್ಷೆಯಲ್ಲಿ ಮಾಯವಾಗುವ ಈ ನೆರಳನ್ನು ಹುಡುಕುವುದು ಸುಲಭವಾಯಿತು.

ಕಷ್ಟವಿರುವುದು ಇದರ ಮುಂದೆ. ಮೊದಲನೆಯದಾಗಿ, ರಂಧ್ರಗಳಲ್ಲಿ ಶೇಕಡಾ 5 ಅಥವಾ 10ರಷ್ಟು ಅನಿಲ ಬೆರೆತರೂ ವೇಗ ಹೆಚ್ಚುಕಡಿಮೆ ಪೂರ್ತಿ ಅನಿಲ ತುಂಬಿದಾಗಿನಷ್ಟೇ ಇಳಿದುಬಿಡುತ್ತದೆ. ಲಾಭಕ್ಕೆ ಬಾರದ ಅಲ್ಪ ಅನಿಲವೂ ಲಾಭದಾಯಕವಾದ ಭಾರಿ ನಿಕ್ಷೇಪವೂ ಚಿತ್ರದಲ್ಲಿ ಒಂದೇ ಬಗೆಯಾಗಿ ಹೊಳೆಯುತ್ತವೆ. ಇಂಥ ತಾಣಗಳನ್ನು ನಂಬಿ ಕೊರೆದ ಬಾವಿಗಳು ಬರಿದಾದದ್ದು ಜಗತ್ತಿನ ಹಲವು ಕಡೆ ನಡೆದಿದೆ. ಎರಡನೆಯದಾಗಿ, ಕಲ್ಲಿದ್ದಲಿನ ಪದರವೂ ವೇಗವನ್ನೂ ಸಾಂದ್ರತೆಯನ್ನೂ ಇಳಿಸಿ ಹೊಳೆಯುತ್ತದೆ. ಮೇಲೆ ಧಾರವಾಡದ ವಿದ್ಯಾರ್ಥಿನಿಗೆ ವಿವರಿಸಿದಂತೆ ಬರೀ ನೀರು ತುಂಬಿದ ತೆಳು ಪದರವೂ ತನ್ನ ದಪ್ಪದಿಂದಾಗಿಯೇ ಒಂದು ಆವೃತ್ತಿಯಲ್ಲಿ ಬಲಗೊಳ್ಳುತ್ತದೆ. ಕಡಿಮೆ ಆವೃತ್ತಿಯ ನೆರಳೂ ಅನಿಲವಿಲ್ಲದೆ, ಕೇವಲ ದತ್ತಾಂಶವನ್ನು ಸಂಸ್ಕರಿಸುವಾಗ ಬಳಸಿದ ವೇಗ ತಪ್ಪಾಗಿದ್ದರೂ ಹುಟ್ಟಬಲ್ಲದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ತೈಲ ಮತ್ತು ನೀರಿನ ನಡುವೆ ಅಲೆಯ ದೃಷ್ಟಿಯಿಂದ ಇರುವ ವ್ಯತ್ಯಾಸ ಅನಿಲ ಮತ್ತು ನೀರಿನ ನಡುವಿನಷ್ಟು ದೊಡ್ಡದಲ್ಲ. ಆವೃತ್ತಿ ತೋರಿಸುವುದು ಶಿಲೆಯ ವೇಗ, ಸಾಂದ್ರತೆ, ದಪ್ಪ ಮತ್ತು ಶಕ್ತಿನಷ್ಟಗಳಲ್ಲಿನ ಬದಲಾವಣೆಯನ್ನು ಮಾತ್ರ. ಆ ಬದಲಾವಣೆಗೆ ಕಾರಣ ತೈಲವೇ ಎಂದು ಹೇಳುವವನು ಅಲೆ ಹೇಳಿದ್ದಕ್ಕಿಂತ ಹೆಚ್ಚನ್ನು ಹೇಳುತ್ತಿದ್ದಾನೆ.

ಹೀಗಾಗಿ ಅನುಭವಿಗಳು ಒಂದೇ ಸೂಚನೆಗೆ ಒಲಿಯುವುದಿಲ್ಲ. ಪದರಗಳು ಬಾಗಿ ತೈಲ ನಿಲ್ಲುವಂಥ ಗುಮ್ಮಟದ ರಚನೆ ಇದೆಯೇ, ಅನಿಲ ಮತ್ತು ನೀರು ಸೇರುವ ಜಾಗ ಬಾಗಿದ ಪದರಗಳನ್ನು ಅಡ್ಡ ಕತ್ತರಿಸುವ ಸಮತಟ್ಟಾದ ಗೆರೆಯಾಗಿ ಕಾಣುತ್ತಿದೆಯೇ, ಜಿಯೋಫೋನಿನ ದೂರ ಹೆಚ್ಚಿದಂತೆ ಪ್ರತಿಫಲನದ ಪಾರ ಹೇಗೆ ಬದಲಾಗುತ್ತದೆ ಎಂಬುದನ್ನೆಲ್ಲ ಕೂಡಿಸಿ ನೋಡುತ್ತಾರೆ. ನನಗೆ ಕೇಳಿದರೆ, ಆ ಸಮತಟ್ಟಾದ ಗೆರೆ ನೂರು ಬಣ್ಣದ ಆವೃತ್ತಿ ನಕ್ಷೆಗಳಿಗಿಂತ ಹೆಚ್ಚು ವಿಶ್ವಾಸಾರ್ಹ. ಮುಂಬೈ ಹೈ ತೈಲಕ್ಷೇತ್ರದ ರಚನೆಯನ್ನು 1960ರ ದಶಕದ ಸಮುದ್ರ ಸಮೀಕ್ಷೆ ಗುರುತಿಸಿತ್ತು. ಅಲ್ಲಿ ತೈಲ ಇದೆ ಎಂದು ಗೊತ್ತಾದದ್ದು 1974ರಲ್ಲಿ ಸಾಗರ್ ಸಮ್ರಾಟ್ ನೌಕೆಯಿಂದ ಬಾವಿ ಕೊರೆದ ಮೇಲೆ.

ಯಾವ ಅಲೆಯನ್ನೂ ಕಳಿಸದೆ, ತೈಲದ ಮೇಲಿನ ನೆಲ ತಾನಾಗಿಯೇ 3 ಹರ್ಟ್ಜ್‌ನ ಆಸುಪಾಸಿನಲ್ಲಿ ಮಿಡಿಯುತ್ತದೆ, ಅದನ್ನು ಆಲಿಸಿದರೆ ಸಾಕು ಎಂಬ ವಾದವೂ ಇಪ್ಪತ್ತು ವರ್ಷಗಳಿಗೂ ಹಿಂದಿನಿಂದ ಇದೆ. ಅದನ್ನು ಪರೀಕ್ಷಿಸಿದವರಲ್ಲಿ ಕೆಲವರಿಗೆ ಆ ಮಿಡಿತದ ಮೂಲ ವಾಹನ ಸಂಚಾರ, ಯಂತ್ರಗಳು ಮತ್ತು ನೆಲದ ಮೇಲ್ಪದರದಲ್ಲೇ ಸಾಗುವ ಅಲೆಗಳೆಂದು ಕಂಡುಬಂದಿದೆ. ನಿಮ್ಮ ಪರಿಚಯದವರು ಹೇಳುತ್ತಿರುವುದು ಇದನ್ನೇ ಆಗಿದ್ದರೆ, ಹಣದ ಚೀಲದ ಬಾಯಿಯನ್ನು ಇನ್ನೊಂದು ಗಂಟು ಹಾಕಿ ಬಿಗಿಯಿರಿ.

ಪ್ರಶ್ನೆ: ನಮ್ಮ ಕಪ್ಪತಗುಡ್ಡದ ಸುತ್ತಮುತ್ತ ಇಂಥ ಸಮೀಕ್ಷೆ ನಡೆಸಿದರೆ ತೈಲ ಸಿಗಬಹುದೇ? ಸಿಗುವುದಿಲ್ಲವಾದರೆ ಕಾರಣವೇನು?
– ಕಾಲೇಜು ವಿದ್ಯಾರ್ಥಿ, ಮುಂಡರಗಿ

ಉತ್ತರ: ಸಿಗುವುದಿಲ್ಲ. ತೈಲ ಹುಟ್ಟಬೇಕಾದರೆ ಜೈವಿಕ ಪದಾರ್ಥ ಬೆರೆತ ಕೆಸರು ಹೂತುಹೋಗಿ, ಸರಿಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬಹುಕಾಲ ಬೇಯಬೇಕು. ಅದಕ್ಕಿಂತ ಹೆಚ್ಚು ಬೆಂದರೆ ಅನಿಲ ಉಳಿಯುತ್ತದೆ, ಇನ್ನೂ ಬೆಂದರೆ ಇಂಗಾಲದ ಕರಿ ಮಾತ್ರ. ಹುಟ್ಟಿದ ತೈಲ ನಿಲ್ಲಲು ರಂಧ್ರಗಳುಳ್ಳ ಶಿಲೆಯೂ, ಸೋರಿಹೋಗದಂತೆ ತಡೆಯಲು ಅದರ ಮೇಲೆ ಬಿಗಿಯಾದ ಶಿಲೆಯೂ ಬೇಕು. ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದ ಉತ್ತರಾರ್ಧದಲ್ಲಿ ನಮ್ಮ ಧಾರವಾಡದ ಹೆಸರನ್ನೇ ಕೊಟ್ಟು ಜಗತ್ತಿಗೆ ಪರಿಚಯಿಸಿದ ಈ ಶಿಲೆಗಳು ಸುಮಾರು 250 ಕೋಟಿ ವರ್ಷಗಳಿಗೂ ಹಳೆಯವು. ಗದಗಿನ ಶಿಸ್ಟ್ ಪಟ್ಟಿಯೂ ರಾಣೆಬೆನ್ನೂರಿನ ಕಡೆಯ ಗ್ರೇವ್ಯಾಕ್ ಶಿಲೆಗಳೂ 300 ಡಿಗ್ರಿಯನ್ನು ಮೀರಿದ ಶಾಖದಲ್ಲಿ ರೂಪಾಂತರಗೊಂಡಿವೆ. ರಂಧ್ರಗಳು ಮುಚ್ಚಿಹೋಗಿವೆ. ಹಳೆಯ ಶಿಲೆ ಎಂಬ ಒಂದೇ ಕಾರಣಕ್ಕೆ ತೈಲವಿಲ್ಲ ಎಂದರೆ ಮಾತ್ರ ತಪ್ಪಾದೀತು. ರಾಜಸ್ಥಾನದ ಬಾಘೇವಾಲಾದಲ್ಲಿ 50 ಕೋಟಿ ವರ್ಷಗಳಿಗೂ ಹಳೆಯ ಶಿಲೆಗಳಿಂದ ದಪ್ಪ ತೈಲವನ್ನು ಎತ್ತುತ್ತಿದ್ದಾರೆ. ನಮ್ಮಲ್ಲಿ ಅಡ್ಡಿಯಾಗಿರುವುದು ಮುಖ್ಯವಾಗಿ ಶಾಖ. ಕಪ್ಪತಗುಡ್ಡದಲ್ಲಿ ಬ್ರಿಟಿಷರ ಕಾಲದಲ್ಲೇ ಚಿನ್ನಕ್ಕಾಗಿ ಗಣಿ ತೋಡಿದ್ದರು; ಈ ಬಗೆಯ ಶಿಲೆಯಲ್ಲಿ ಹುಡುಕಬೇಕಾದ್ದು ಚಿನ್ನ ಮತ್ತು ಕಬ್ಬಿಣದ ಅದಿರನ್ನೇ ಹೊರತು ತೈಲವನ್ನಲ್ಲ.

ಆದರೆ ಗದಗಿನಿಂದ ಉತ್ತರಕ್ಕೆ ಹೊರಟು ಬಾದಾಮಿ, ಬಾಗಲಕೋಟೆಗಳನ್ನು ತಲುಪುವಷ್ಟರಲ್ಲಿ ಚಿತ್ರ ಬದಲಾಗುತ್ತದೆ. ಬಾದಾಮಿಯ ಗುಹೆಗಳನ್ನು ಕೊರೆದ ಮರಳುಗಲ್ಲು ಕಲಾದಗಿ ಜಲಾನಯನದ್ದು, ಅಂದರೆ ಹಿಂದೆ ಮರಳು, ಕೆಸರು ತುಂಬಿಕೊಂಡ ತಗ್ಗು ಪ್ರದೇಶದ್ದು. ಕಲಬುರಗಿ, ಯಾದಗಿರಿಗಳ ಸುಣ್ಣಕಲ್ಲು ಭೀಮಾ ಜಲಾನಯನದ್ದು. ಇವು ಹೆಚ್ಚು ಬೇಯದ, ಪದರಪದರವಾಗಿ ಉಳಿದ ಜಲಜ ಶಿಲೆಗಳು. ಭಾರತದ 26 ಜಲಜಶಿಲಾ ಜಲಾನಯನಗಳ ಅಧಿಕೃತ ಪಟ್ಟಿಯಲ್ಲಿ ಭೀಮಾ–ಕಲಾದಗಿಯೂ ಒಂದು, ಆದರೆ ತೈಲದ ಭರವಸೆಯ ದೃಷ್ಟಿಯಿಂದ ಅದನ್ನು ಕಡೆಯ ವರ್ಗದಲ್ಲಿ ಇರಿಸಲಾಗಿದೆ. ಹೆಚ್ಚು ಸಮೀಕ್ಷೆ ಆಗದ ಜಲಾನಯನಗಳಿಗಾಗಿ ಕೇಂದ್ರ ಸರ್ಕಾರ 2016ರಲ್ಲಿ 48,243 ಕಿಲೋಮೀಟರ್ ಉದ್ದದ ರೇಖಾ ಸಮೀಕ್ಷೆಯ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿತು.

ತೈಲಕ್ಕಲ್ಲದಿದ್ದರೂ ಧಾರವಾಡ ಶಿಲೆಗಳ ಪ್ರದೇಶದಲ್ಲಿ ಇಂಥ ಅಲೆಗಳನ್ನು ಕಳಿಸಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಆಂಧ್ರದ ಕಾವಲಿಯಿಂದ ಉಡುಪಿಯವರೆಗೆ, ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಗೆ, ಸುಮಾರು 600 ಕಿಲೋಮೀಟರ್ ಉದ್ದಕ್ಕೂ ಸ್ಫೋಟಗಳ ಕಂಪನವನ್ನು ದಾಖಲಿಸಿ ಭೂತೊಗಟೆಯ ದಪ್ಪವನ್ನು ಅಳೆಯಿತು. ಅದು ಹೆಚ್ಚುಕಡಿಮೆ 34ರಿಂದ 41 ಕಿಲೋಮೀಟರ್. ಅಷ್ಟು ಆಳಕ್ಕೆ ಹೋಗಿ ಬರುವ ಅಲೆಗಳಲ್ಲಿ ಹೆಚ್ಚಿನ ಆವೃತ್ತಿ ಉಳಿಯುವುದಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಕರ್ನಾಟಕದ ನೆಲದಿಂದ ತೈಲ ಬಾರದಿದ್ದರೂ ನೆಲದೊಳಗೆ ತೈಲವಿಲ್ಲ ಎನ್ನುವಂತಿಲ್ಲ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಸುರಂಗಗಳನ್ನು ಗಟ್ಟಿ ಶಿಲೆಯಲ್ಲಿ ತೋಡಿ, ವಿದೇಶದಿಂದ ತಂದ ತೈಲವನ್ನು ದೇಶದ ತುರ್ತು ಸಂಗ್ರಹವಾಗಿ ಇಟ್ಟಿದ್ದಾರೆ. ಶಿಲೆ ಗಟ್ಟಿಯಾಗಿರುವುದು ಅಲ್ಲಿ ಅನುಕೂಲವೇ ಆಯಿತು.

ಪ್ರಶ್ನೆ: ಕೊಳವೆಬಾವಿ ಕೊರೆಸುವ ಮುನ್ನ ಈ ವಿಧಾನದಿಂದ ನೀರಿನ ಜಾಗ ತಿಳಿಯಬಹುದೇ? ನಮ್ಮದು ಎರೆಭೂಮಿ.
– ಕೃಷಿಕರು, ಅಣ್ಣಿಗೇರಿ. ಇದೇ ಪ್ರಶ್ನೆಯನ್ನು ಬ್ಯಾಡಗಿಯ ಓದುಗರೂ ಕೇಳಿದ್ದಾರೆ

ಉತ್ತರ: ಅರ್ಧ ತಿಳಿಯಬಹುದು. ಸ್ಫೋಟಕವಾಗಲಿ ಲಾರಿಯಾಗಲಿ ಬೇಕಿಲ್ಲ. ಕಬ್ಬಿಣದ ಫಲಕದ ಮೇಲೆ ದೊಡ್ಡ ಸುತ್ತಿಗೆಯಿಂದ ಹೊಡೆದು, ಸಾಲಾಗಿ ನೆಟ್ಟ 24 ಅಥವಾ 48 ಜಿಯೋಫೋನ್‌ಗಳಿಗೆ ಅಲೆ ತಲುಪಿದ ಸಮಯವನ್ನು ನೋಡಿದರೆ ಸಾಕು. ಸಡಿಲವಾದ ಒಣ ಮಣ್ಣಿನಲ್ಲಿ ವೇಗ ಸೆಕೆಂಡಿಗೆ ಕೆಲವು ನೂರು ಮೀಟರ್, ನೀರು ಹೀರಿದ ಶಿಥಿಲ ಶಿಲೆಯಲ್ಲಿ 1500ರಿಂದ 2500, ಅದರ ಕೆಳಗಿನ ಗಟ್ಟಿ ಬಂಡೆಯಲ್ಲಿ 5000ದ ಆಸುಪಾಸು. ಈ ಮೂರನ್ನು ಬೇರೆ ಮಾಡಿ, ಶಿಥಿಲ ಪದರ ಎಲ್ಲಿ ದಪ್ಪವಾಗಿದೆ ಎಂದು ಗುರುತಿಸಬಹುದು. ಹೊಲದಲ್ಲಿ ಮಳೆನೀರು ಇಂಗಿ ನಿಲ್ಲುವುದು ಬಹುಮಟ್ಟಿಗೆ ಆ ಪದರದಲ್ಲೇ.

ಆವೃತ್ತಿಯ ಉಪಯೋಗವೂ ಇಲ್ಲಿದೆ. ಮೆದು ಮಣ್ಣು ಗಟ್ಟಿ ಬಂಡೆಯ ಮೇಲೆ ಕುಳಿತಾಗ ಅದಕ್ಕೆ ತನ್ನದೇ ಆದ ಒಂದು ಮಿಡಿತವಿರುತ್ತದೆ. ಮಣ್ಣಿನಲ್ಲಿ ಅಡ್ಡ ಅಲೆಯ (ತಾನು ಸಾಗುವ ದಿಕ್ಕಿಗೆ ಅಡ್ಡಲಾಗಿ ಮಣ್ಣನ್ನು ಅಲುಗಿಸುವ ಅಲೆಯ) ವೇಗವನ್ನು ಮಣ್ಣಿನ ದಪ್ಪದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಆ ಆವೃತ್ತಿ ಸಿಗುತ್ತದೆ: ವೇಗ 150 ಮೀಟರ್, ದಪ್ಪ 5 ಮೀಟರ್ ಆದರೆ 7.5 ಹರ್ಟ್ಜ್. ಯಾರೂ ಏನನ್ನೂ ಹೊಡೆಯದೆ, ಗಾಳಿ ಮತ್ತು ವಾಹನಗಳಿಂದ ನೆಲದಲ್ಲಿ ಸದಾ ಇರುವ ಸೂಕ್ಷ್ಮ ನಡುಕವನ್ನು ಅಡ್ಡ ಮತ್ತು ಲಂಬ ದಿಕ್ಕುಗಳಲ್ಲಿ ದಾಖಲಿಸಿ ಎರಡರ ಅನುಪಾತವನ್ನು ನೋಡಿದರೆ ಆ ಮಿಡಿತ ಹೊರಬೀಳುತ್ತದೆ ಎಂದು ಜಪಾನಿನ ನಕಾಮುರಾ 1989ರಲ್ಲಿ ಪ್ರಕಟಿಸಿದ ವಿಧಾನ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಎರೆಮಣ್ಣಿನ ಅಡಿಯ ಬಂಡೆಯ ಏರಿಳಿತವನ್ನು ಇದರಿಂದ ಕಡಿಮೆ ಖರ್ಚಿನಲ್ಲಿ ಅಳೆಯಬಹುದು.

ಉಳಿದ ಅರ್ಧವೇ ನಿಮಗೆ ಮುಖ್ಯವಾದದ್ದು, ಅದು ಇದರಿಂದ ತಿಳಿಯುವುದಿಲ್ಲ. ನಿಮ್ಮ ಕಡೆಯ ಆಳದ ಕೊಳವೆಬಾವಿಗಳಿಗೆ ನೀರು ಬರುವುದು ಬಂಡೆಯ ಬಿರುಕುಗಳಿಂದ. ಆ ಬಿರುಕುಗಳು ಅಂಗುಲಗಳಷ್ಟೇ ಅಗಲದವು, ಹಲವು ಲಂಬವಾಗಿ ಇಳಿದಂಥವು. ಹತ್ತಾರು ಮೀಟರ್ ತರಂಗದೂರದ ಅಲೆಗೆ ಅವು ಒಂದೊಂದಾಗಿ ಕಾಣಿಸುವುದಿಲ್ಲ, ಸುತ್ತಿಗೆಯ ಅಲೆ ಅಷ್ಟು ಆಳಕ್ಕೆ ಇಳಿಯುವುದೂ ಇಲ್ಲ. ಆದ್ದರಿಂದ ಅಂತರ್ಜಲಕ್ಕೆ ವಿದ್ಯುತ್ ಪ್ರತಿರೋಧದ ಸಮೀಕ್ಷೆಯನ್ನೇ ಮೊದಲು ಮಾಡಿಸಿ, ಅನುಮಾನವಿದ್ದಲ್ಲಿ ಇದನ್ನು ಜೊತೆಗೂಡಿಸುವುದು ಸರಿಯಾದ ಕ್ರಮ. ತೆಂಗಿನಕಾಯಿ ಹಿಡಿದು ಹೊಲದಲ್ಲಿ ನಡೆಯುವವರ ಬಗ್ಗೆಯೂ ನೀವು ಕೇಳಿದ್ದೀರಿ. ಆ ಕಾಯಿಯನ್ನು ಒಡೆದು ಚಟ್ನಿಗೆ ಬಳಸಿರಿ.

ಪ್ರಶ್ನೆ: ನೆಲ ನಡುಗಿಸುವ ಲಾರಿಗಳಿಂದ ಮಣ್ಣಿನ ಗೋಡೆಯ ಮನೆಗಳಿಗೆ ಹಾನಿಯಾಗುವುದಿಲ್ಲವೇ?
– ಗೃಹಿಣಿ, ಶಿಗ್ಗಾಂವಿ

ಉತ್ತರ: ದೂರ ಕಾಯ್ದುಕೊಂಡರೆ ಆಗುವುದಿಲ್ಲ. ಲಾರಿಯ ಬಲ ಸುಮಾರು 25ರಿಂದ 30 ಟನ್ ಇದ್ದರೂ ಅದನ್ನು ಒಂದೇ ಏಟಿಗೆ ಹಾಕದೆ, ಹತ್ತು ಹದಿನೈದು ಸೆಕೆಂಡುಗಳ ಕಾಲ ಕಡಿಮೆಯಿಂದ ಹೆಚ್ಚಿನ ಆವೃತ್ತಿಗೆ ಏರಿಸುತ್ತ ಹರಡುತ್ತಾರೆ. ಮನೆಗೂ ಆವೃತ್ತಿ ಮುಖ್ಯ: ಗಣಿ ಸ್ಫೋಟಗಳ ಕಂಪನಕ್ಕೆ ನಮ್ಮ ದೇಶದ ಗಣಿ ಸುರಕ್ಷತಾ ಇಲಾಖೆ ವಾಸದ ಮನೆಗಳಿಗೆ ವಿಧಿಸಿರುವ ಮಿತಿ, ನೆಲ ಅಲುಗುವ ವೇಗದ ಲೆಕ್ಕದಲ್ಲಿ, 8 ಹರ್ಟ್ಜ್‌ಗಿಂತ ಕೆಳಗೆ ಸೆಕೆಂಡಿಗೆ 5 ಮಿಲಿಮೀಟರ್, 8ರಿಂದ 25ರವರೆಗೆ 10, ಅದರ ಮೇಲೆ 15. ನಿಧಾನವಾದ ಕಂಪನಕ್ಕೇ ಗೋಡೆ ಹೆಚ್ಚು ತೂಗುವುದರಿಂದ ಅಲ್ಲಿ ಮಿತಿ ಬಿಗಿಯಾಗಿದೆ.

ಪ್ರಶ್ನೆ: ಈ ವಿಷಯವನ್ನು ಓದಬಯಸುವ ಬಿ.ಎಸ್‌ಸಿ. ವಿದ್ಯಾರ್ಥಿ ಏನು ಮಾಡಬೇಕು?
– ವಿದ್ಯಾರ್ಥಿ, ಗದಗ

ಉತ್ತರ: ಭೌತಶಾಸ್ತ್ರ, ಗಣಿತಗಳೊಂದಿಗೆ ಪದವಿ ಮುಗಿಸಿ ಧನಬಾದ್, ರೂರ್ಕಿ, ಖರಗ್‌ಪುರಗಳ ಐಐಟಿಗಳಲ್ಲೋ ಹೈದರಾಬಾದಿನ ಉಸ್ಮಾನಿಯಾ, ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯಗಳಲ್ಲೋ ಭೂಭೌತವಿಜ್ಞಾನ ಓದಬಹುದು, ಭೂವಿಜ್ಞಾನವನ್ನೇ ಓದುವುದಾದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅದರ ವಿಭಾಗವಿದೆ. ಆದರೆ ಪ್ರವೇಶಕ್ಕಾಗಿ ಕಾಯುತ್ತ ಕೂರಬೇಕಿಲ್ಲ. ನೆದರ್‌ಲೆಂಡ್ಸ್ ದೇಶದ ಉತ್ತರ ಸಮುದ್ರದಲ್ಲಿ 1987ರಲ್ಲಿ ನಡೆದ ಎಫ್3 ಎಂಬ ಸಮೀಕ್ಷೆಯ ಪೂರ್ಣ ದತ್ತಾಂಶ ಎಲ್ಲರಿಗೂ ಉಚಿತವಾಗಿ ಲಭ್ಯವಿದೆ. ಅದನ್ನು ತೆರೆದು ನೋಡಲು ಓಪನ್‌ಡಿಟೆಕ್ಟ್ ಎಂಬ ಉಚಿತ ತಂತ್ರಾಂಶವೂ ಇದೆ. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಒಂದೊಂದು ಆವೃತ್ತಿಯ ನಕ್ಷೆಯನ್ನೂ ನೀವೇ ಬರೆದು ನೋಡಬಹುದು. ಆ ದತ್ತಾಂಶದ ಮೇಲ್ಭಾಗದಲ್ಲಿ, ಅಲೆ ಹೋಗಿ ಬರಲು ಸುಮಾರು ಅರ್ಧ ಸೆಕೆಂಡು ಹಿಡಿಯುವ ಆಳದಲ್ಲಿ, ಅನಿಲದ ಹೊಳೆಯುವ ತಾಣವೊಂದಿದೆ. ಅದರ ಕೆಳಗೆ ಹೆಚ್ಚಿನ ಆವೃತ್ತಿಗಳು ಉಳಿದಿವೆಯೇ ಎಂದು ಪರೀಕ್ಷಿಸುವುದರಿಂದ ಆರಂಭಿಸಿರಿ, ಕಂಡದ್ದನ್ನು ಈ ಅಂಕಣಕ್ಕೆ ಬರೆದು ಕಳಿಸಿರಿ.